ತಪ್ಪನ್ನೂ ಬರೆದಿಟ್ಟ ವೈದ್ಯ

ಆಸ್ಪತ್ರೆಯಿಂದ ಮನೆಗೆ ಮರಳಿದ ರೋಗಿ ಮುಂದೇನಾದ? ಚಿಕಿತ್ಸೆ ಫಲಿಸಿತೇ, ಇಲ್ಲವೇ? ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದ ದೊಡ್ಡ ಆಸ್ಪತ್ರೆಗಳೂ ಇದನ್ನು ಕ್ರಮವಾಗಿ ವಿಚಾರಿಸುತ್ತಿರಲಿಲ್ಲ. ವೈದ್ಯರ ಅನುಭವ ಬಹುಮಟ್ಟಿಗೆ ಅವರವರ ತಲೆಯಲ್ಲೇ ಉಳಿದು, ಅವರೊಡನೆಯೇ ಕಳೆದುಹೋಗುತ್ತಿತ್ತು.

ಬಾಸ್ಟನ್ನಿನ ಮೆಸಾಚುಸೆಟ್ಸ್ ಜನರಲ್ ಆಸ್ಪತ್ರೆಯ ಶಸ್ತ್ರವೈದ್ಯ ಅರ್ನೆಸ್ಟ್ ಕಾಡ್ಮನ್ (1869–1940) ಸೂಚಿಸಿದ ಉಪಾಯ ತೀರ ಸರಳ. ಪ್ರತಿ ರೋಗಿಗೂ ಒಂದು ಕಾರ್ಡು. ರೋಗಲಕ್ಷಣ, ವೈದ್ಯರು ಗುರುತಿಸಿದ ಕಾಯಿಲೆ, ಕೊಟ್ಟ ಚಿಕಿತ್ಸೆ, ತಲೆದೋರಿದ ತೊಡಕು ಇಷ್ಟನ್ನು ಅದರಲ್ಲಿ ಬರೆಯಬೇಕು. ವರ್ಷದ ಬಳಿಕ ರೋಗಿಯ ಸ್ಥಿತಿಯನ್ನು ತಿಳಿದು ಅದನ್ನೂ ಸೇರಿಸಬೇಕು. ಗುಣವಾಗದಿದ್ದರೆ ಏಕೆಂದು ಹುಡುಕಬೇಕು. ಕೈಚಳಕ ಸಾಲಲಿಲ್ಲವೇ, ರೋಗ ಗುರುತಿಸುವುದರಲ್ಲೇ ಎಡವಿದ್ದೇ, ಇಲ್ಲವೆ ರೋಗವೇ ಮದ್ದಿಲ್ಲದ್ದೇ?

ಇಲ್ಲಿಯೇ ತಕರಾರು ಹುಟ್ಟಿದ್ದು. ಕಾರ್ಡು ಬರೆಯಲು ಹೆಚ್ಚು ಖರ್ಚಿಲ್ಲ. ಆದರೆ ಹಿರಿಯ ವೈದ್ಯನ ಸೋಲೂ ಅದರಲ್ಲಿ ದಾಖಲಾಗುತ್ತದೆ! ಬಡ್ತಿಗೆ ಸೇವಾ ಹಿರಿತನವೇ ಮಾನದಂಡವಾಗಿದ್ದುದನ್ನು ಪ್ರತಿಭಟಿಸಿ ಕಾಡ್ಮನ್ 1914ರಲ್ಲಿ ರಾಜೀನಾಮೆ ಕೊಟ್ಟ. ಮರುವರ್ಷ ಜನವರಿಯಲ್ಲಿ ವೈದ್ಯರ ಸಭೆಯೊಂದರಲ್ಲಿ ಆತ ದೊಡ್ಡ ವ್ಯಂಗ್ಯಚಿತ್ರವೊಂದನ್ನು ಅನಾವರಣ ಮಾಡಿದ. ಮರಳಿನಲ್ಲಿ ತಲೆ ಹುದುಗಿಸಿದ ಉಷ್ಟ್ರಪಕ್ಷಿ ವೈದ್ಯರತ್ತ ಚಿನ್ನದ ಮೊಟ್ಟೆಗಳನ್ನು ಒದೆಯುತ್ತಿತ್ತು. ಆ ಪಕ್ಷಿ ನಗರದ ಸಿರಿವಂತ ಬಡಾವಣೆಯ ಸಂಕೇತ. ಸಭೆ ಕೆರಳಿತು. ಹಾರ್ವರ್ಡ್‌ನ ಬೋಧಕ ಹುದ್ದೆಯೂ ಹೋಯಿತು. ಜಾಣತನದ ನಡೆಯಂತೂ ಅದಲ್ಲ.

ಆದರೆ ಪರರ ತಪ್ಪನ್ನಷ್ಟೇ ಎಣಿಸಿದವನಲ್ಲ ಆತ. 1911ರಲ್ಲಿ ತೆರೆದ ತನ್ನದೇ ಪುಟ್ಟ ಆಸ್ಪತ್ರೆಯಿಂದ 1916ರವರೆಗೆ ಬಿಡುಗಡೆಯಾದ 337 ರೋಗಿಗಳ ವಿವರವನ್ನು ಅಚ್ಚು ಹಾಕಿಸಿದ. ಅದರಲ್ಲಿ 123 ತಪ್ಪುಗಳನ್ನು ಒಪ್ಪಿಕೊಂಡಿದ್ದ.

ಆತ ಸ್ಥಾಪಕ ಸದಸ್ಯನಾಗಿದ್ದ ಅಮೆರಿಕನ್ ಶಸ್ತ್ರವೈದ್ಯರ ಕಾಲೇಜು ನೂರಕ್ಕೂ ಹೆಚ್ಚು ಹಾಸಿಗೆಗಳಿದ್ದ 692 ಆಸ್ಪತ್ರೆಗಳನ್ನು ಪರೀಕ್ಷಿಸಿತು. ಕನಿಷ್ಠ ಮಟ್ಟ ಮುಟ್ಟಿದ್ದು 89 ಮಾತ್ರ. ಹೆಸರಾಂತ ಆಸ್ಪತ್ರೆಗಳೂ ಅನುತ್ತೀರ್ಣ! 1919ರಲ್ಲಿ ಆ ಪಟ್ಟಿಯನ್ನು ನ್ಯೂಯಾರ್ಕಿನ ಹೋಟೆಲೊಂದರ ಕುಲುಮೆಯಲ್ಲಿ ಸುಟ್ಟುಹಾಕಿದರು. ಆದರೂ ಪ್ರತಿ ರೋಗಿಯ ಪೂರ್ಣ ದಾಖಲೆ ಇರಲೇಬೇಕೆಂಬ ನಿಯಮ ಉಳಿಯಿತು.

ಕಾಡ್ಮನ್ 1920ರ ಸುಮಾರಿಗೆ ಮೂಳೆ ಕ್ಯಾನ್ಸರಿನ ನೋಂದಣಿ ಪುಸ್ತಕವೊಂದನ್ನು ಆರಂಭಿಸಿದ. ಬೇರೆ ಬೇರೆ ಊರುಗಳ ವೈದ್ಯರು ತಮ್ಮ ರೋಗಿಗಳ ಎಕ್ಸ್-ರೇ, ಟಿಪ್ಪಣಿಗಳನ್ನು ಅದಕ್ಕೆ ಕಳುಹಿಸತೊಡಗಿದರು.