ವೃತ್ತದೊಳಗಿನ ಆರ್, ಆವರಣದೊಳಗಿನ ರಿ: ಟ್ರೇಡ್‌ಮಾರ್ಕ್ ಸಂಕೇತಗಳ ಅರ್ಥವ್ಯಾಪ್ತಿ

ಕರ್ನಾಟಕದ ಯಾವ ಊರಿಗೆ ಹೋದರೂ ಯುವಕ ಸಂಘ, ಮಹಿಳಾ ಮಂಡಳಿ, ಕಲಾ ಬಳಗಗಳ ಫಲಕದ ಕೊನೆಯಲ್ಲಿ ಆವರಣದೊಳಗೆ ‘ರಿ.’ ಎಂಬ ಅಕ್ಷರ ಕಣ್ಣಿಗೆ ಬೀಳುತ್ತದೆ. ಸಾಮಾನ್ಯವಾಗಿ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಆ ಸಂಘ ದಾಖಲಾಗಿದೆ ಎಂಬುದಷ್ಟೇ ಅದರ ಅರ್ಥ. ಆದರೆ ಬಳಕೆಯಲ್ಲಿ ಅದಕ್ಕೊಂದು ಮಾನ ಅಂಟಿಕೊಂಡಿದೆ: ಇದು ನಿನ್ನೆ ಮೊನ್ನೆ ಹುಟ್ಟಿಕೊಂಡದ್ದಲ್ಲ, ಲೆಕ್ಕಪತ್ರ ಇಟ್ಟುಕೊಂಡ ಸಂಸ್ಥೆ ಎಂಬ ಭಾವ. ಸಾಂಬಾರು ಪುಡಿಯ ಪೊಟ್ಟಣದ ಮೇಲೆ ಬ್ರ್ಯಾಂಡ್ ಹೆಸರಿನ ಹೆಗಲಿಗೆ ಅಂಟಿದ ವೃತ್ತದೊಳಗಿನ ಆರ್ ಅಕ್ಷರವನ್ನೂ ನಾವು ಇದೇ ಕಣ್ಣಿನಿಂದ ನೋಡುತ್ತೇವೆ ಎಂಬುದು ನನ್ನ ಊಹೆ. ಅಂಗಡಿಗೆ ಜಿಎಸ್‌ಟಿ ಸಂಖ್ಯೆ ಇದೆ, ಆಹಾರ ಪರವಾನಗಿ ಇದೆ, ಪಾಲುದಾರಿಕೆ ನೋಂದಣಿಯಾಗಿದೆ. ಅಂದ ಮೇಲೆ ಹೆಸರಿನ ಪಕ್ಕ ಆರ್ ಇದ್ದರೇನು ಎಂಬ ತರ್ಕ ಇಲ್ಲಿಂದಲೇ ಹುಟ್ಟುತ್ತದೆ. ವೃತ್ತದ ಆರ್ ಸಂಸ್ಥೆಯ ಅಂತಸ್ತನ್ನು ಸಾರುವ ಪದಕವಲ್ಲ. ಅದು ಸತ್ಯವೋ ಸುಳ್ಳೋ ಎಂದು ಪರೀಕ್ಷಿಸಬಹುದಾದ ಒಂದು ವಾಕ್ಯ, ಅದೂ ಬಹಳ ಇಕ್ಕಟ್ಟಾದ ವಾಕ್ಯ ಎಂಬುದು ಈ ಲೇಖನದ ವಾದ.

ಕಾನೂನಿನ ಪಠ್ಯದಿಂದಲೇ ತೊಡಗಬಹುದು. 2003ರ ಸೆಪ್ಟೆಂಬರ್ 15ರಿಂದ ಜಾರಿಯಲ್ಲಿರುವ 1999ರ ಟ್ರೇಡ್‌ಮಾರ್ಕ್ ಕಾಯ್ದೆ ಟಿಎಂ ಆಗಲಿ ವೃತ್ತದ ಆರ್ ಆಗಲಿ ಬಳಸಲೇಬೇಕೆಂದು ಎಲ್ಲಿಯೂ ಹೇಳುವುದಿಲ್ಲ. ಹಕ್ಕಿನ ಮಾನ್ಯತೆಗೆ ಸರಕಿನ ಮೇಲೆ ನೋಂದಣಿಯ ಗುರುತು ಇರಬೇಕೆಂದು ಒತ್ತಾಯಿಸಕೂಡದು ಎಂದು ಕೈಗಾರಿಕಾ ಸ್ವತ್ತಿನ ರಕ್ಷಣೆಯ ಪ್ಯಾರಿಸ್ ಒಪ್ಪಂದದ 5ನೇ ವಿಧಿಯೂ ಹೇಳುತ್ತದೆ. ಅಮೆರಿಕದ ರೀತಿ ಬೇರೆ. ಅಲ್ಲಿನ 1946ರ ಲ್ಯಾನ್‌ಹ್ಯಾಮ್ ಕಾಯ್ದೆಯ ಪ್ರಕಾರ ಆರ್ ಚಿಹ್ನೆಯನ್ನಾಗಲಿ ಅದಕ್ಕೆ ಸಮನಾದ ಬರಹವನ್ನಾಗಲಿ ಹಾಕದ ಮಾಲೀಕ, ಎದುರಾಳಿಗೆ ನೋಂದಣಿಯ ವಿಷಯ ನಿಜವಾಗಿ ತಿಳಿದಿತ್ತೆಂದು ತೋರಿಸದ ಹೊರತು ನಷ್ಟಪರಿಹಾರವನ್ನೂ ಲಾಭದ ಪಾಲನ್ನೂ ಕೇಳುವಂತಿಲ್ಲ. ಅಲ್ಲಿ ಚಿಹ್ನೆಯನ್ನು ಬಿಟ್ಟರೆ ನಷ್ಟ. ಇಲ್ಲಿ ಬಿಟ್ಟರೆ ಏನೂ ಹೋಗದು, ಸುಳ್ಳಾಗಿ ಹಾಕಿದರೆ ಮಾತ್ರ ತೊಂದರೆ. ನಮ್ಮ ಕಾಯ್ದೆಯ 107ನೇ ಕಲಂ ನೋಂದಣಿಯಾಗದ ಚಿಹ್ನೆಯನ್ನು ನೋಂದಾಯಿತವೆಂದು ಬಿಂಬಿಸುವುದನ್ನು ನಿಷೇಧಿಸುತ್ತದೆ. ಅಷ್ಟಕ್ಕೇ ನಿಲ್ಲದೆ, ಚಿಹ್ನೆಯ ಒಂದು ಭಾಗವನ್ನು ಬಿಡಿಯಾಗಿ ನೋಂದಾಯಿತವೆನ್ನುವುದನ್ನೂ, ನೋಂದಣಿ ಇಲ್ಲದ ಸರಕಿಗೆ ಇದೆ ಎನ್ನುವುದನ್ನೂ ಅದೇ ತಪ್ಪಿನ ಸಾಲಿಗೆ ಸೇರಿಸುತ್ತದೆ.

ಕೊನೆಯ ಮಾತಿನ ತೂಕ ತಿಳಿಯಲು ‘ನಂದಿನಿ’ ವ್ಯಾಜ್ಯಕ್ಕಿಂತ ಒಳ್ಳೆಯ ಉದಾಹರಣೆ ಕನ್ನಡಿಗರಿಗೆ ಸಿಗದು. ಕರ್ನಾಟಕ ಹಾಲು ಮಹಾಮಂಡಳ 1985ರಿಂದ ಆ ಹೆಸರಿನಲ್ಲಿ ಹಾಲು, ಹಾಲಿನ ಉತ್ಪನ್ನಗಳನ್ನು ಮಾರುತ್ತಿದೆ. 1989ರಲ್ಲಿ ‘ನಂಧಿನಿ’ ಹೆಸರಿನ ರೆಸ್ಟೋರೆಂಟುಗಳನ್ನು ತೆರೆದ ಸಂಸ್ಥೆಯೊಂದು ತನ್ನ ಖಾದ್ಯ ಪದಾರ್ಥಗಳಿಗೆ ಆ ಹೆಸರನ್ನು ನೋಂದಾಯಿಸಲು ಹೊರಟಾಗ ಮಹಾಮಂಡಳ ಆಕ್ಷೇಪಿಸಿತು. ಮೇಲ್ಮನವಿ ಮಂಡಳಿಯಲ್ಲೂ ಹೈಕೋರ್ಟಿನಲ್ಲೂ ಮಹಾಮಂಡಳ ಗೆದ್ದಿತು. 2018ರ ಜುಲೈಯಲ್ಲಿ ಸುಪ್ರೀಂ ಕೋರ್ಟು ಆ ತೀರ್ಪುಗಳನ್ನು ತಿರುಗಿಸಿತು. ಎರಡರ ಸರಕುಗಳೂ ನೋಂದಣಿಗಾಗಿ ವಿಂಗಡಿಸಿದ ಒಂದೇ ವರ್ಗದೊಳಗೆ ಬರುತ್ತವೆ ಎಂಬ ಕಾರಣಕ್ಕೆ ಇಡೀ ವರ್ಗ ಒಬ್ಬರ ಸೊತ್ತಾಗದು, ತಾನು ಮಾರದ ಸರಕಿನ ಮೇಲೆ ಯಾರೂ ಏಕಸ್ವಾಮ್ಯ ಕೇಳಲಾಗದು ಎಂಬುದು ಅದರ ನಿಲುವು. ಹಾಲು ಮತ್ತು ಹಾಲಿನ ಉತ್ಪನ್ನಗಳನ್ನು ಹೊರಗಿಟ್ಟು ಉಳಿದವುಗಳಿಗೆ ನೋಂದಣಿ ಊರ್ಜಿತವಾಯಿತು. ಮನೆಮನೆಯಲ್ಲಿ ಬೆಳಗಾದರೆ ಕೇಳುವ ಹೆಸರಿಗೇ ಈ ಮಿತಿಯಿದೆ. ಅಂದರೆ ಆರ್ ಚಿಹ್ನೆ ಒಂದು ಪದಕ್ಕೆ ಸೇರಿದ್ದಲ್ಲ. ಪದಕ್ಕೂ ಸರಕಿಗೂ ಇರುವ ಸಂಬಂಧಕ್ಕೆ ಸೇರಿದ್ದು.

ಒಂದು ಕಲ್ಪಿತ ಪೊಟ್ಟಣವನ್ನು ಕೈಗೆತ್ತಿಕೊಂಡು ನೋಡೋಣ. ಮುಂಭಾಗದಲ್ಲಿ ದೀಪದ ಚಿತ್ರ, ಅದರ ಕೆಳಗೆ ಮಾಲೀಕರ ಮನೆತನದ ಹೆಸರು, ಅದಕ್ಕೂ ಕೆಳಗೆ ‘ಶುದ್ಧ ಮೆಣಸಿನ ಪುಡಿ’. ನೋಂದಣಿಯಾದದ್ದು ಮಸಾಲೆಗಳ 30ನೇ ವರ್ಗದಲ್ಲಿ, ಈ ಮೂರೂ ಸೇರಿದ ಲೇಬಲ್ ಎಂದಿಟ್ಟುಕೊಳ್ಳೋಣ. ಆರ್ ಲೇಬಲ್‌ನ ಮೂಲೆಯಲ್ಲಿದ್ದರೆ ಸರಿ. ‘ಶುದ್ಧ’ ಪದದ ಪಕ್ಕಕ್ಕೆ ಸರಿದರೆ ಯಾರ ಸ್ವತ್ತೂ ಅಲ್ಲದ ಪದದ ಮೇಲೆ ಹಕ್ಕು ಸಾಧಿಸಿದಂತೆ. ಅದೇ ಮಾಲೀಕರು ಅದೇ ಹೆಸರಲ್ಲಿ ದರ್ಶಿನಿ ತೆರೆದರೆ ಅದು 43ನೇ ವರ್ಗದ ಸೇವೆ. ಅಲ್ಲಿ ಅರ್ಜಿಯೇ ಹಾಕದೆ ಬೋರ್ಡಿನಲ್ಲಿ ಆರ್ ಬರೆಸಿದರೆ ಅದು ಸುಳ್ಳು ಹೇಳಿಕೆ. ಇದಕ್ಕಿಂತ ಸೂಕ್ಷ್ಮವಾದದ್ದು ಲಿಪಿಯ ಪ್ರಶ್ನೆ. ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ ಇರಬೇಕೆಂಬ 2024ರ ತಿದ್ದುಪಡಿಯ ನಂತರ, ರೋಮನ್ ಅಕ್ಷರಗಳ ಲಾಂಛನವನ್ನಷ್ಟೇ ನೋಂದಾಯಿಸಿದವರೂ ಕನ್ನಡದಲ್ಲಿ ಹೆಸರು ಬರೆಸಬೇಕಾಯಿತು. ಉಚ್ಚಾರ ಒಂದೇ ಆದ್ದರಿಂದ ಆರ್ ಕೂಡ ಜೊತೆಗೇ ಬರಬಹುದಲ್ಲ ಎನ್ನುವವರಿದ್ದಾರೆ. ಅನುಕರಿಸಿದವರ ಮೇಲೆ ದಾವೆ ಹೂಡುವಾಗ ಆ ವಾದಕ್ಕೆ ಬಲವಿದೆ, ಬಾಯಲ್ಲಿ ಹೇಳುವ ಬಳಕೆಯೂ ಉಲ್ಲಂಘನೆಯಾಗಬಲ್ಲದೆಂದು 29ನೇ ಕಲಮೇ ಹೇಳುತ್ತದೆ. ಆದರೆ ನೋಂದಣಿಯಾದದ್ದು ಯಾವ ರೂಪ ಎಂಬುದು ಬೇರೆ ಪ್ರಶ್ನೆ. ಹಿಂದಿ, ಇಂಗ್ಲಿಷ್ ಹೊರತಾದ ಲಿಪಿಯ ಪದಕ್ಕೆ ಲಿಪ್ಯಂತರವನ್ನೂ ಅನುವಾದವನ್ನೂ ಅರ್ಜಿಯಲ್ಲಿ ಕೊಡಬೇಕೆನ್ನುವ 2017ರ ನಿಯಮಗಳು ಕನ್ನಡ ಅಕ್ಷರರೂಪವನ್ನು ಅದರದೇ ಆದ ರೂಪವಾಗಿಯೇ ಕಾಣುತ್ತವೆ. ಕನ್ನಡ ರೂಪಕ್ಕೆ ಬೇರೆಯೇ ಅರ್ಜಿ ಹಾಕಿ, ಅಲ್ಲಿಯವರೆಗೆ ಟಿಎಂ ಎಂದಿಡುವುದೇ ನೇರ ದಾರಿ.

ಟಿಎಂ ಎಂದರೆ ಇಷ್ಟೇ: ಈ ಹೆಸರನ್ನು ನಮ್ಮದೆಂದುಕೊಂಡು ಬಳಸುತ್ತಿದ್ದೇವೆ. ಅರ್ಜಿ ಹಾಕಿದವರೂ ಹಾಕದವರೂ ಅದನ್ನು ಬಳಸಬಹುದು. ಇಲ್ಲಿ ಎರಡು ಆಕ್ಷೇಪಗಳು ಏಳುತ್ತವೆ. ನೋಂದಣಿಯಾದಾಗ ಅದು ಅರ್ಜಿಯ ದಿನಾಂಕದಿಂದಲೇ ಊರ್ಜಿತವೆಂದು 23ನೇ ಕಲಂ ಹೇಳುವಾಗ ಅರ್ಜಿ ಹಾಕಿದಂದಿನಿಂದಲೇ ಆರ್ ಏಕೆ ಹಾಕಬಾರದು ಎಂಬುದು ಮೊದಲನೆಯದು. ಹಿಂದಕ್ಕೆ ಅನ್ವಯವಾಗುವುದು ಹಕ್ಕೇ ಹೊರತು ಹೇಳಿಕೆಯಲ್ಲ. ಪರೀಕ್ಷೆ, ಜರ್ನಲ್ ಪ್ರಕಟಣೆ, ವಿರೋಧ ಸಲ್ಲಿಸಲು ಇರುವ 4 ತಿಂಗಳು ಇವೆಲ್ಲ ಬಾಕಿಯಿರುವಾಗ ‘ನೋಂದಣಿಯಾಗಿದೆ’ ಎಂಬ ಮಾತು ಆ ದಿನದ ಮಟ್ಟಿಗೆ ನಿಜವಲ್ಲ. ಅರ್ಜಿ ತಿರಸ್ಕೃತವಾದರೆ ಎಂದಿಗೂ ನಿಜವಾಗದು. ಹಾಗಾದರೆ ಟಿಎಂಗೆ ಬೆಲೆಯೇ ಇಲ್ಲವೇ ಎಂಬುದು ಎರಡನೆಯದು. ಆ ಅಕ್ಷರಗಳಿಗೆ ಇಲ್ಲ, ಅವುಗಳ ಹಿಂದಿರುವ ಬಳಕೆಗೆ ಇದೆ. ತಿರುನೆಲ್ವೇಲಿಯ ಇರುಟ್ಟುಕಡೈ ಹಲ್ವಾ ಪ್ರಕರಣದಲ್ಲಿ ಎರಡೂ ಕಡೆಯವರ ಕೈಯಲ್ಲಿ ನೋಂದಣಿಯಿತ್ತು. ಆದರೂ 2015ರಲ್ಲಿ ಸುಪ್ರೀಂ ಕೋರ್ಟು ಮೊದಲಿನಿಂದ ಬಳಸುತ್ತ ಬಂದವರ ಹಕ್ಕನ್ನೇ ಎತ್ತಿಹಿಡಿಯಿತು. ಅಂಥ ಬಳಕೆಯನ್ನು ಸಾಬೀತುಪಡಿಸುವುದು ಹಳೆಯ ಬಿಲ್ಲು, ಜಾಹೀರಾತುಗಳೇ ಹೊರತು ಟಿಎಂ ಅಲ್ಲ.

ದಂಡ ಹಗುರವಾಗಿರುವಾಗ ಇಷ್ಟೆಲ್ಲ ಏಕೆ ಎಂದೂ ಕೇಳಬಹುದು. 107ನೇ ಕಲಂ ಉಲ್ಲಂಘನೆಗೆ ಮೊದಲು 3 ವರ್ಷದವರೆಗೆ ಸೆರೆವಾಸ ವಿಧಿಸಬಹುದಿತ್ತು. 2023ರ ಜನ ವಿಶ್ವಾಸ ಕಾಯ್ದೆ ಅದನ್ನು ತೆಗೆದು, ವಹಿವಾಟಿನ ಶೇ 0.5 ಅಥವಾ 5 ಲಕ್ಷ ರೂಪಾಯಿ, ಇವೆರಡರಲ್ಲಿ ಕಡಿಮೆಯಾದದ್ದನ್ನು ದಂಡವಾಗಿಸಿತು. ಆದರೆ ಸುಳ್ಳು ಆರ್ ಕಾಡುವುದು ದಂಡದ ದಿನದಂದಲ್ಲ, ತನ್ನ ಹೆಸರನ್ನು ಕದ್ದವನ ವಿರುದ್ಧ ತಡೆಯಾಜ್ಞೆ ಕೋರಿ ನಿಂತ ದಿನದಂದು. ತಡೆಯಾಜ್ಞೆ ನ್ಯಾಯಾಲಯದ ವಿವೇಚನೆಗೆ ಬಿಟ್ಟದ್ದು. ಕೈ ಶುದ್ಧವಿಲ್ಲದೆ ಬಂದವರು ಎಂಬ ಆಕ್ಷೇಪಕ್ಕೆ ಎದುರಾಳಿಗೆ ಅವರ ಪೊಟ್ಟಣವೇ ಸಾಕ್ಷಿ. 10 ವರ್ಷದ ಅವಧಿ ಮುಗಿದು ನವೀಕರಿಸದೆ ಬಿಟ್ಟವರು ಹಳೆಯ ಪ್ರಿಂಟಿಂಗ್ ಬ್ಲಾಕಿನಲ್ಲೇ ಚೀಲ ಅಚ್ಚು ಹಾಕಿಸುತ್ತ ಹೋದಾಗಲೂ ಇದೇ ಗತಿ.

ಕೊನೆಗೆ ನಮ್ಮ ‘ರಿ.’ 107ನೇ ಕಲಂ ಚಿಹ್ನೆಗಳ ಪಟ್ಟಿ ಕೊಡುವುದಿಲ್ಲ. ಟ್ರೇಡ್‌ಮಾರ್ಕ್‌ಗೆ ಸಂಬಂಧಿಸಿದಂತೆ ನೋಂದಣಿಯನ್ನು ನೇರವಾಗಿಯೋ ಪರೋಕ್ಷವಾಗಿಯೋ ಸೂಚಿಸುವ ಯಾವುದೇ ಪದ, ಸಂಕೇತ ಎನ್ನುತ್ತದೆ. ಈ ಮಾತಿಗೆ ಭಾಷೆಯ ಗಡಿಯಿಲ್ಲ. ಹಪ್ಪಳ ಮಾರುವ ನೋಂದಾಯಿತ ಮಹಿಳಾ ಸಂಘ, ಪೊಟ್ಟಣದ ಹಿಂಬದಿಯ ವಿಳಾಸದಲ್ಲಿ ಸಂಘದ ಹೆಸರಿನ ಮುಂದೆ ‘ರಿ.’ ಬರೆದರೆ ಅದು ಸಂಘದ ಕುರಿತ ನಿಜ. ಅದೇ ಅಕ್ಷರ ಮುಂಭಾಗದಲ್ಲಿ ಹಪ್ಪಳದ ಬ್ರ್ಯಾಂಡ್ ಹೆಸರಿನ ಮಗ್ಗುಲಿಗೆ ಬಂದು ಕೂತರೆ, ಉತ್ತರ ಹುಡುಕಬೇಕಾದದ್ದು ಸಂಘಗಳ ನೋಂದಣಾಧಿಕಾರಿಯ ಕಚೇರಿಯಲ್ಲಲ್ಲ, ಚೆನ್ನೈನ ಟ್ರೇಡ್‌ಮಾರ್ಕ್ ಕಚೇರಿಯಲ್ಲಿ.