ಪ್ರಸಾದನ, ಶೋಧನ, ನಿಕ್ಷೇಪ: ಸಂಗ್ರಹಜಲದ ಇತಿಹಾಸವಿಚಾರ

ಬಗ್ಗಡದ ನೀರನ್ನು ತಿಳಿಗೊಳಿಸುವುದು, ಕೆಟ್ಟ ನೀರನ್ನು ಶುದ್ಧಿಪಡಿಸುವುದು, ಶುದ್ಧವಾದುದನ್ನು ಕೆಡದಂತೆ ಇರಿಸುವುದು—ಈ ಮೂರೂ ಒಂದೇ ಕಾರ್ಯವೆಂದು ಭಾವಿಸುವುದುಂಟು. ಆಪತ್ಕಾಲಕ್ಕೆಂದು ಮನೆಯ ನಲ್ಲಿಯ ನೀರನ್ನು ತಿಂಗಳುಗಟ್ಟಲೆ ಕೂಡಿಡುವವರಿಗೆ ಈ ಭಾವನೆಯು ಅಪಾಯಕರವಾದುದು. ನಮ್ಮ ಪ್ರಾಚೀನ ವೈದ್ಯರು ಇವನ್ನು ಬೇರೆಬೇರೆಯಾಗಿಯೇ ಎಣಿಸಿದ್ದರು.

ಸುಶ್ರುತಸಂಹಿತೆಯ ಸೂತ್ರಸ್ಥಾನದ ೪೫ನೆಯ ಅಧ್ಯಾಯದಲ್ಲಿ ಕಲುಷಜಲಕ್ಕೆ ಏಳು ಪ್ರಸಾದನಗಳನ್ನು ಹೇಳಿದೆ. ಕತಕ, ಎಂದರೆ ನಮ್ಮ ಚಿಲ್ಲದ ಬೀಜವೂ, ಬಟ್ಟೆಯೂ ಇವುಗಳಲ್ಲಿ ಸೇರಿವೆ. ಚಿಲ್ಲದ ಬೀಜವನ್ನು ತೇದು ಬೆರೆಸಿದರೆ ನೀರಿನಲ್ಲಿಯ ಮಣ್ಣಿನ ಕಣಗಳು ಒಂದಕ್ಕೊಂದು ಅಂಟಿ ತಳಕ್ಕಿಳಿಯುತ್ತವೆ. ಆದರೆ ವ್ಯಾಪನ್ನ, ಎಂದರೆ ದೋಷಯುಕ್ತವಾದ ಜಲಕ್ಕೆ ವಿಧಿಯೇ ಬೇರೆ: ಬೆಂಕಿಯಲ್ಲಿ ಕುದಿಸುವುದು, ಬಿಸಿಲಿಗಿಡುವುದು, ಕಾದ ಕಬ್ಬಿಣದ ಗುಂಡನ್ನು ಅದ್ದುವುದು. ಬಳಿಕ ಹಲಗೆ, ನೆಲುವು ಮೊದಲಾದ ಐದು ನಿಕ್ಷೇಪಣಗಳು ಬರುತ್ತವೆ. ಇವು ಪಾತ್ರೆಯನ್ನು ಇರಿಸುವ ಆಧಾರಗಳು.

ಇಲ್ಲಿ ಗಮನಾರ್ಹವಾದ ಅಂಶವೊಂದುಂಟು. ಅದೇ ಅಧ್ಯಾಯವು ಪರ್ಯುಷಿತವಾದ, ಎಂದರೆ ರಾತ್ರಿ ಕಳೆದು ಹಳಸಿದ ನೀರನ್ನು ಕೊಡಲಾಗದೆಂದು ನಿಷೇಧಿಸುತ್ತದೆ. ಈ ನಿಷೇಧವನ್ನು ಇಂದಿನ ಜ್ಞಾನದಿಂದ ನೋಡಿದರೆ ಯುಕ್ತವಾಗಿಯೇ ತೋರುತ್ತದೆ. ಕುದಿತವು ರೋಗಾಣುಗಳನ್ನು ಕೊಲ್ಲುವುದು, ಕಾವಲುಗಾರನನ್ನು ಉಳಿಸುವುದಿಲ್ಲ. ಆರಿದ ನೀರಿಗೆ ಕೈ ತಗುಲಿದರೆ ಪುನಃ ದೋಷವು ಸೇರುವುದು.

ತಿಳಿಯಾದುದೆಲ್ಲ ನಿರ್ದೋಷವಲ್ಲವೆಂಬುದಕ್ಕೆ ೧೮೫೪ರಲ್ಲಿ ಲಂಡನ್ನಿನ ಬ್ರಾಡ್ ಬೀದಿಯಲ್ಲಿ ಹಬ್ಬಿದ ಕಾಲರಾ ದಾರುಣವಾದ ನಿದರ್ಶನ. ಆ ಬಾವಿಯ ನೀರನ್ನೇ ಮೆಚ್ಚಿ, ದೂರದ ಹ್ಯಾಂಪ್‌ಸ್ಟೆಡ್ಡಿಗೆ ತರಿಸಿಕೊಂಡು ಕುಡಿದ ವಿಧವೆಯೊಬ್ಬಳ ಮರಣವನ್ನು ಜಾನ್ ಸ್ನೋ ದಾಖಲಿಸಿದ್ದಾನೆ. ೧೯೦೫ರಲ್ಲಿ ಇಂಗ್ಲೆಂಡಿನ ಲಿಂಕನ್ ನಗರದಲ್ಲಿ ವಿಷಮಶೀತಜ್ವರವು ಹರಡಲು, ಅಲೆಗ್ಸಾಂಡರ್ ಹೌಸ್ಟನ್ ಊರಿನ ನೀರಿಗೆ ಎಡೆಬಿಡದೆ ಕ್ಲೋರಿನ್ ಸೇರಿಸಿದನು. ೧೯೦೮ರಲ್ಲಿ ಅಮೆರಿಕದ ಜರ್ಸಿ ಸಿಟಿಯಲ್ಲಿ ಜಾನ್ ಲೀಲ್ ಇದನ್ನೇ ಕೈಗೊಂಡನು. ಈ ವಿಧಾನದ ವಿಶೇಷವು ಕೊಲ್ಲುವುದರಲ್ಲಿ ಮಾತ್ರವಿಲ್ಲ. ಅದರ ಶೇಷಾಂಶವು ನೀರಿನಲ್ಲಿಯೇ ನಿಂತು ಕಾಯುತ್ತದೆ. ಕುದಿತಕ್ಕೆ ಸಾಧ್ಯವಾಗದ ಕಾರ್ಯವಿದು.

ಆದರೆ ಆ ಕಾವಲೂ ಶಾಶ್ವತವಲ್ಲ. ಕಾಲಕ್ರಮದಲ್ಲಿ, ಅದರಲ್ಲಿಯೂ ಬಿಸಿಲಿನಲ್ಲಿ, ಕ್ಷೀಣಿಸುವುದು. ಆದುದರಿಂದ ಪಾತ್ರೆಯನ್ನು ಸಾಬೂನಿನಿಂದ ತೊಳೆದು, ಕ್ಲೋರಿನ್ ದ್ರವ ಬೆರೆಸಿದ ನೀರಿನಿಂದ ಶುದ್ಧಿಮಾಡಿ ಜಾಲಿಸಿ, ನಲ್ಲಿಯ ನೀರನ್ನು ತುಂಬಿ, ಬಿಗಿಯಾಗಿ ಮುಚ್ಚಿ, ತಂಪಾದ ಕತ್ತಲೆಯ ಸ್ಥಳದಲ್ಲಿ ಇಡಬೇಕು. ತುಂಬಿದ ದಿನವನ್ನು ಬರೆದು, ೬ ತಿಂಗಳಿಗೊಮ್ಮೆ ಬದಲಾಯಿಸಬೇಕು. ಊರಿನವರು ಕ್ಲೋರಿನ್ ಸೇರಿಸಿಯೇ ಒದಗಿಸುವ ನೀರಿಗೆ ಮತ್ತೆ ಸೇರಿಸುವ ಅಗತ್ಯವಿಲ್ಲ. ಹಾಗೆ ಸಂಸ್ಕರಿಸದ ನೀರಾದರೆ ಮೊದಲು ಸೋಸಿ ತಿಳಿಗೊಳಿಸಿ, ಬಣ್ಣವಾಗಲಿ ಪರಿಮಳವಾಗಲಿ ಸೇರದ, ಶೇಕಡಾ ೬ರ ಕ್ಲೋರಿನ್ ದ್ರವವನ್ನು ಲೀಟರಿಗೆ ೨ ಹನಿಯಂತೆ ಬೆರೆಸಿ, ೩೦ ನಿಮಿಷ ಬಿಡಬೇಕು. ಬಗ್ಗಡವಿದ್ದಲ್ಲಿ ಕ್ಲೋರಿನ್ ವ್ಯರ್ಥವಾಗುವುದರಿಂದ ಪ್ರಸಾದನವೇ ಮೊದಲು. ಒಬ್ಬೊಬ್ಬರಿಗೆ ದಿನಕ್ಕೆ ಸುಮಾರು ೪ ಲೀಟರಿನಂತೆ ಕನಿಷ್ಠ ೩ ದಿನಗಳಿಗೆ ಸಾಲುವಷ್ಟಿರಬೇಕು.

ಹೀಗೆ ಪ್ರಸಾದನ, ಶೋಧನ, ನಿಕ್ಷೇಪಗಳೆಂಬ ಕ್ರಮವು ಇಂದಿಗೂ ಅಳಿದಿಲ್ಲ. ಹಳಸಿದ ನೀರಿನ ವಿಷಯದಲ್ಲಿ ಪ್ರಾಚೀನರಿಗಿದ್ದ ಶಂಕೆಯನ್ನು ಕ್ಲೋರಿನ್ ಮುಂದಕ್ಕೆ ತಳ್ಳಿತೇ ಹೊರತು ಇಲ್ಲವಾಗಿಸಲಿಲ್ಲ. ಒಂದು ರಾತ್ರಿಯ ಅವಧಿಯು ಆರು ತಿಂಗಳಾಯಿತು, ಅಷ್ಟೆ.