ಮಸಿಕೊಂಬಿನ ಮಾತುಗಳು

1604ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಒಂದು ಸಣ್ಣ ಪುಸ್ತಕದಲ್ಲಿ ಓದುಗರಿಗೆ ವಿಚಿತ್ರವೆನಿಸುವ ಸೂಚನೆಯೊಂದಿದೆ. ಮೊದಲು ಅಕ್ಷರಮಾಲೆಯನ್ನು ಬಾಯಿಪಾಠ ಮಾಡಿಕೊಳ್ಳಿ. ನೀವು ಹುಡುಕುವ ಪದ ‘ಎ’ಯಿಂದ ಶುರುವಾದರೆ ಪುಸ್ತಕದ ಆರಂಭದಲ್ಲಿ ನೋಡಿ, ‘ವಿ’ಯಿಂದಾದರೆ ಕೊನೆಯ ಕಡೆಗೆ ನೋಡಿ ಎಂದು. ರಾಬರ್ಟ್ ಕಾಡ್ರಿ ಎಂಬ ಮೇಷ್ಟರ ‘ಎ ಟೇಬಲ್ ಆಲ್ಫಬೆಟಿಕಲ್’ ಅದು. ಇಂಗ್ಲಿಷ್ ಪದಗಳಿಗೆ ಇಂಗ್ಲಿಷಿನಲ್ಲೇ ಅರ್ಥ ಕೊಟ್ಟ ಮೊದಲ ನಿಘಂಟೆಂದು ಹೆಸರಾದದ್ದು. ಅದರಲ್ಲಿರುವುದು ಸುಮಾರು 2,500 ಪದ, ಬಹುಪಾಲಿಗೆ ಒಂದೆರಡು ಮಾತಿನ ಅರ್ಥ, ಅಷ್ಟೆ. ದಿನಬಳಕೆಯ ಮಾತಿಗೆ ಅಲ್ಲಿ ಜಾಗವಿಲ್ಲ, ‘ಕಠಿಣ ಪದ’ಗಳಿಗೆ ಮಾತ್ರ. ಫ್ರೆಂಚಿನಿಂದ ಬಂದದ್ದಕ್ಕೆ ಒಂದು ಗುರುತು, ಗ್ರೀಕಿನಿಂದ ಬಂದದ್ದಕ್ಕೆ ಇನ್ನೊಂದು. ಪುಸ್ತಕ ಯಾರಿಗಾಗಿ ಎಂಬುದನ್ನು ಮುಖಪುಟವೇ ಹೇಳುತ್ತದೆ: ಹೆಂಗಸರಿಗೆ ಮತ್ತು ಹೆಚ್ಚು ಓದು ಬಾರದ ಇತರರಿಗೆ. ಧಾತು, ಉಪಸರ್ಗಗಳನ್ನು ಬಿಡಿಸಿ ಇಂಗ್ಲಿಷ್ ಪದಸಂಪತ್ತು ಬೆಳೆಸಿಕೊಳ್ಳುವ ವಿಧಾನವನ್ನು ಇಂದು ಭಾಷೆಯ ವಿಜ್ಞಾನವೆಂಬಂತೆ ಕಲಿಸುವವರು ಈ ಮುಖಪುಟವನ್ನೊಮ್ಮೆ ನೋಡಬೇಕು. ಲ್ಯಾಟಿನ್ ಶಾಲೆಯ ಹೆಬ್ಬಾಗಿಲು ಯಾರಿಗೆ ಮುಚ್ಚಿತ್ತೋ ಅವರಿಗಾಗಿ ತೆಗೆದ ಹಿತ್ತಲ ಬಾಗಿಲು ಆ ವಿಧಾನ, ಹುಟ್ಟಿನಿಂದಲೇ.

ಪದಗಳು ಕಠಿಣವಾದದ್ದಾದರೂ ಹೇಗೆ? ಹದಿನಾರನೆಯ ಶತಮಾನದ ಪಂಡಿತರು ಲ್ಯಾಟಿನ್, ಗ್ರೀಕುಗಳಿಂದ ಪದಗಳನ್ನು ಗಂಟುಗಟ್ಟಲೆ ತಂದು ಇಂಗ್ಲಿಷಿಗೆ ಸುರಿದರು. ಅವಕ್ಕೆ ಗೇಲಿಯ ಹೆಸರೂ ಬಿತ್ತು: ಮಸಿ ತುಂಬಿಡುವ ಕೊಂಬಿನಿಂದ ಹುಟ್ಟಿದ ಮಾತು, ‘ಇಂಕ್‌ಹಾರ್ನ್’ ಪದ. 1553ರಲ್ಲಿ ಥಾಮಸ್ ವಿಲ್ಸನ್ ತನ್ನ ಅಲಂಕಾರಶಾಸ್ತ್ರದ ಪುಸ್ತಕದಲ್ಲಿ ಇಂಥ ಪದಗಳನ್ನೇ ತುರುಕಿದ ಪತ್ರವೊಂದನ್ನಿಟ್ಟು ನಗಾಡಿದ. ಕೇಂಬ್ರಿಜ್‌ನಲ್ಲಿ ಗ್ರೀಕ್ ಪ್ರಾಧ್ಯಾಪಕನಾಗಿದ್ದ ಜಾನ್ ಚೀಕ್ ಇನ್ನೂ ಮುಂದೆ ಹೋದ. ಬೈಬಲನ್ನು ಅನುವಾದಿಸುವಾಗ ‘ಸೆಂಚೂರಿಯನ್’ ಬದಲು ‘ಹಂಡ್ರೆಡರ್’ ಎಂದ, ‘ಲೂನಟಿಕ್’ ಬದಲು ‘ಮೂನ್ಡ್’ ಎಂದ. ನೂರು ಜನರ ಮುಖ್ಯಸ್ಥ ನೂರಾಳು, ಚಂದ್ರನ ಕಾಟ ಹಿಡಿದವನು ಚಂದ್ರಹಿಡುಕ ಎಂದ ಹಾಗೆ. ಚೀಕ್ ಗೆದ್ದಿದ್ದರೆ ಧಾತುಪಾಠವೇ ಬೇಕಾಗುತ್ತಿರಲಿಲ್ಲ. ಪದ ಕೇಳಿದ ಕೂಡಲೇ ಹಳ್ಳಿಯವನಿಗೂ ಅರ್ಥ ಹೊಳೆಯುತ್ತಿತ್ತು. ಗೆಲ್ಲಲಿಲ್ಲ. ಇಂಗ್ಲಿಷ್ ಹೀಗೆ ಎರಡಂತಸ್ತಿನ ಮನೆಯಾಯಿತು: ಕೆಳಗೆ ಅಡುಗೆಮನೆಯ ಮಾತು, ಮೇಲೆ ಮಸಿಕೊಂಬಿನ ಮಾತು. ಮೇಲೆ ಹತ್ತಲು ಏಣಿ ಬೇಕು.

ಶಾಲೆಗಳಲ್ಲಿ ಲ್ಯಾಟಿನ್ ಗಟ್ಟಿಯಾಗಿದ್ದಷ್ಟು ಕಾಲ ಆ ಏಣಿಯನ್ನು ಪ್ರತ್ಯೇಕವಾಗಿ ಮಾರುವ ಅಗತ್ಯ ಹೆಚ್ಚಿರಲಿಲ್ಲ. ಇಪ್ಪತ್ತನೆಯ ಶತಮಾನದ ನಡುವಿಗೆ ಲ್ಯಾಟಿನ್ ಸೊರಗಿತ್ತು. 1960ರಲ್ಲಿ ಆಕ್ಸ್‌ಫರ್ಡ್, ಕೇಂಬ್ರಿಜ್‌ಗಳೂ ಪ್ರವೇಶಕ್ಕೆ ಅದು ಕಡ್ಡಾಯವೆಂಬ ನಿಯಮವನ್ನು ಕೈಬಿಟ್ಟವು. ಅದಕ್ಕೆ ಸ್ವಲ್ಪ ಮುಂಚೆ, 1949ರಲ್ಲಿ, ಅಮೆರಿಕದಲ್ಲಿ ಎರಡು ಸಂಗತಿಗಳು ಜೊತೆಯಾಗಿ ಬಂದವು. ನಮ್ಮ ಊರುಗಳ ಫುಟ್‌ಪಾತ್ ಪುಸ್ತಕದಂಗಡಿಗಳಲ್ಲಿ ಇಂದಿಗೂ ಕಾಣುವ ನಾರ್ಮನ್ ಲೂಯಿಸ್‌ನ ‘ವರ್ಡ್ ಪವರ್ ಮೇಡ್ ಈಸಿ’ ಒಂದು. ಮಿನೆಸೋಟ ವಿಶ್ವವಿದ್ಯಾಲಯದ ಜೇಮ್ಸ್ ಬ್ರೌನ್ ಮುಂದಿಟ್ಟ ಹದಿನಾಲ್ಕು ‘ಮಹಾಪದ’ಗಳ ಪಟ್ಟಿ ಇನ್ನೊಂದು, ಅವುಗಳೊಳಗಿನ 20 ಉಪಸರ್ಗ, 14 ಧಾತುಗಳನ್ನು ಹಿಡಿದರೆ ನಿಘಂಟಿನ ಹದಿನಾಲ್ಕು ಸಾವಿರ ಪದಗಳು ಕೈಗೆಟುಕುತ್ತವೆ ಎಂಬುದು ಅವರ ಲೆಕ್ಕ. ಎರಡೂ ಒಂದೇ ವರ್ಷ ಬಂದದ್ದು ಬರೀ ಕಾಕತಾಳೀಯ ಎನ್ನಬಹುದು. ಆದರೆ ಲ್ಯಾಟಿನ್ ಕಲಿಯದೆಯೇ ಕಾಲೇಜಿಗೆ ಬಂದ ಹೊಸ ಓದುಗವರ್ಗವೊಂದು ಆಗ ತಯಾರಾಗಿತ್ತು. ಕಾಡ್ರಿಯ ಗಿರಾಕಿಗಳೇ ಮುನ್ನೂರೈವತ್ತು ವರ್ಷದ ಬಳಿಕ ಮತ್ತೆ ಸಾಲಿನಲ್ಲಿ ನಿಂತಂತೆ ನನಗೆ ಕಾಣುತ್ತದೆ.

ಚರಿತ್ರೆ ಏನಾದರೂ ಇರಲಿ, ವಿಧಾನ ಫಲ ಕೊಡುತ್ತದಲ್ಲ ಎಂದು ಆಕ್ಷೇಪಿಸಬಹುದು. ಕೊಡುತ್ತದೆ, ನೆನಪಿಗೆ. ಅರ್ಥದ ವಿಷಯದಲ್ಲಿ ಅದನ್ನು ಪೂರ್ತಿ ನಂಬುವಂತಿಲ್ಲ. ‘ಪ್ರಿವೆಂಟ್’ ಪದದ ಒಳಗಿರುವುದು ‘ಮುಂದಾಗಿ ಬರು’ ಎಂಬಷ್ಟೇ. 1611ರ ಬೈಬಲಿನಲ್ಲಿ ಅದು ಆ ಅರ್ಥದಲ್ಲೇ ಬರುತ್ತದೆ, ಇಂದು ತಡೆಯುವುದಾಗಿದೆ. ‘ಪೆಡಲ್’ನ ಪೆಡ್ ಲ್ಯಾಟಿನ್ ಪಾದ, ‘ಪೀಡಿಯಾಟ್ರಿಕ್ಸ್’ನ ಪೀಡ್ ಗ್ರೀಕ್ ಮಗು. ಇದಕ್ಕಿಂತ ಸ್ವಾರಸ್ಯದ ಸಂಗತಿಯೆಂದರೆ, ಉಪಸರ್ಗದ ಮೇಲಿನ ಮೋಹ ಪದಗಳ ಕಾಗುಣಿತವನ್ನೇ ತಿದ್ದಿಬಿಟ್ಟದ್ದು. ಬಾಡಿಗೆ ಮನೆಗೆ ನಾವು ಕೊಡುವ ‘ಅಡ್ವಾನ್ಸ್’ ಫ್ರೆಂಚಿನಲ್ಲಿ ‘ಅವಾನ್ಸ್’. ಮೊದಲಿನ ಅಕಾರ ಲ್ಯಾಟಿನ್ನಿನ ‘ಅಡ್’ ಉಪಸರ್ಗದ ಅವಶೇಷವೆಂದು ತಪ್ಪಾಗಿ ಎಣಿಸಿ ಡಕಾರ ಸೇರಿಸಿದರು. ಅರಬ್ಬಿಯ ‘ಅಮೀರ್’ನಿಂದ ಬಂದ ‘ಅಡ್ಮಿರಲ್’ ಹೊಟ್ಟೆಯಲ್ಲೂ ಅಂಥದೇ ಡಕಾರ. ಇಲ್ಲದ ಉಪಸರ್ಗವನ್ನು ನೆಟ್ಟು, ಆಮೇಲೆ ಅದನ್ನೇ ಬಿಡಿಸಿ ತೋರಿಸುವ ಶಾಸ್ತ್ರ!

ಇಂಗ್ಲಿಷರಿಗಿಂತ ಕನ್ನಡಿಗರಿಗೇ ಈ ಧಾತುವಿಧಾನ ಸಲೀಸು, ಸಂಸ್ಕೃತದ ಉಪಸರ್ಗಗಳು ನಮಗೆ ಶಾಲೆಯಿಂದಲೇ ಪರಿಚಿತವಲ್ಲವೇ ಎಂಬ ವಾದವೂ ಉಂಟು. ಅದರಲ್ಲಿ ತಥ್ಯವಿದೆ. 1786ರಲ್ಲಿ ಕಲ್ಕತ್ತೆಯಲ್ಲಿ ಭಾಷಾಪಂಡಿತ ವಿಲಿಯಂ ಜೋನ್ಸ್ ಸಂಸ್ಕೃತ, ಗ್ರೀಕ್, ಲ್ಯಾಟಿನ್‌ಗಳ ನೆಂಟಸ್ತಿಕೆಯನ್ನು ಸಾರಿದ್ದು ಸುಮ್ಮನೆ ಅಲ್ಲ. ‘ಅನಾಥ’ದಲ್ಲಿ ಬರೀ ‘ಅ’, ‘ಅನಂತ’ದಲ್ಲಿ ಸ್ವರದ ಮುಂದೆ ‘ಅನ್’. ಗ್ರೀಕ್ ಮೂಲದ ‘ಎಥೀಸ್ಟ್’, ‘ಅನಾರ್ಕಿ’ಗಳಲ್ಲೂ ಅದೇ ನಿಯಮ. ಆದರೆ ನಮ್ಮ ಮನೆಯಲ್ಲೇ ಧಾತು ಎಷ್ಟು ಮಾತು ಕೇಳುತ್ತದೆ? ಧಾರವಾಡದಲ್ಲಿ ‘ಉಪನ್ಯಾಸ’ವೆಂದರೆ ಭಾಷಣ, ವಾರಾಣಸಿಯಲ್ಲಿ ಕಾದಂಬರಿ; ಉಪಸರ್ಗವೂ ಅದೇ, ಧಾತುವೂ ಅದೇ. ‘ಶಿಕ್ಷೆ’ ಹಿಂದಿಯವರಿಗೆ ವಿದ್ಯಾಭ್ಯಾಸ, ನಮಗೆ ದಂಡನೆ. (ನಮ್ಮ ಹಳೆಯ ಶಾಲೆಗಳನ್ನು ನೆನೆದರೆ ಅಂತರ ದೊಡ್ಡದಲ್ಲ ಎನ್ನುವವರೂ ಇದ್ದಾರು.) ಇನ್ನು ಇಂಗ್ಲಿಷಿನ ಕೆಳಅಂತಸ್ತು, ‘ಸೆಟ್’, ‘ಪುಟ್’, ‘ಗೆಟ್’ಗಳ ಸಂಸಾರ, ಧಾತುಪಟ್ಟಿಗೆ ಸಿಕ್ಕುವುದೇ ಇಲ್ಲ. ‘ಪುಟ್ ಅಪ್ ವಿತ್’ ಎಂದರೆ ಸಹಿಸಿಕೊಳ್ಳುವುದೆಂದು ಯಾವ ಉಪಸರ್ಗ ಹೇಳೀತು? ನಮ್ಮ ಪದವೀಧರರು ಎಡವುವುದು ಬಹಳ ಸಲ ಅಲ್ಲಿಯೇ.

ಧಾತು ಹೇಳುವುದು ಹೆಸರಿಟ್ಟವನು ಏನೆಂದುಕೊಂಡಿದ್ದ ಎಂಬುದನ್ನು. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಫ್ರೆಂಚ್ ರಸಾಯನವಿಜ್ಞಾನಿ ಲವಾಸಿಯೆ ಒಂದು ಅನಿಲಕ್ಕೆ ಗ್ರೀಕಿನಿಂದ ‘ಆಕ್ಸಿಜನ್’ ಎಂಬ ಹೆಸರು ಕಟ್ಟಿದ, ಹುಳಿಯನ್ನು ಹುಟ್ಟಿಸುವಂಥದ್ದು ಎಂದು. ಎಲ್ಲ ಆಮ್ಲಗಳಿಗೂ ಅದೇ ಮೂಲವೆಂದು ಅವನ ನಂಬಿಕೆ. ಇಂಗ್ಲಿಷ್ ರಸಾಯನವಿಜ್ಞಾನಿ ಹಂಫ್ರಿ ಡೇವಿ 1810ರ ಹೊತ್ತಿಗೆ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಆ ಅನಿಲವೇ ಇಲ್ಲವೆಂದು ತೋರಿಸಿಕೊಟ್ಟ. ತಪ್ಪು ಬಯಲಾಯಿತು, ಹೆಸರು ಉಳಿಯಿತು. ಕನ್ನಡದಲ್ಲಿ ವಿಜ್ಞಾನ ಬರೆದವರು ಧಾತುವಿಗೆ ಧಾತುವಿಟ್ಟು ಅನುವಾದಿಸಿ ‘ಆಮ್ಲಜನಕ’ ಮಾಡಿದರು. ‘ಜನ್’ ಮತ್ತು ‘ಜನಕ’ ದಾಯಾದಿಗಳೇ ಆದ್ದರಿಂದ ಕೆಲಸ ಅಚ್ಚುಕಟ್ಟಾಯಿತು, ಲವಾಸಿಯೆಯ ತಪ್ಪೂ ಅಷ್ಟೇ ಅಚ್ಚುಕಟ್ಟಾಗಿ ಕನ್ನಡಕ್ಕೆ ಬಂತು. 2021ರ ಬೇಸಿಗೆಯ ಕೋವಿಡ್ ಅಲೆಯಲ್ಲಿ ಸಿಲಿಂಡರಿಗಾಗಿ ಆಸ್ಪತ್ರೆಯಿಂದ ಆಸ್ಪತ್ರೆಗೆ ಓಡಿದವರ ಬಾಯಲ್ಲಿ ಆ ಪದ ಎಷ್ಟೋ ಸಲ ಬಂದಿದ್ದೀತು. ಹುಳಿಯ ನೆನಪು ಯಾರಿಗೂ ಬಂದಿರಲಾರದು.